ಮೆರಿದಾದಲ್ಲಿ ಸುಖವಾಗಿರಿ

"ಹೊಸದೇನೂ ತೋರಿಸೋ ಹಾಗಿಲ್ಲ ಪುಟ್ಟಾ. ಜಡ್ಜ್ ನೋಡೋದು ಹಳೇ ಕಾಗದ ಮಾತ್ರ."

ಟೊರೊಂಟೊದ ಕೋರ್ಟಿನ ಬಾಗಿಲಲ್ಲಿ ಲಾಯರ್ ಫಿಯೋನಾ ಹೀಗೆಂದಾಗ ಹತ್ತು ವರ್ಷದ ಯಾರೆಲಿ ಫೋನನ್ನು ಇನ್ನೂ ಮೇಲೆತ್ತಿ ಹಿಡಿದಳು.

"ಮಿಸ್, ಅಜ್ಜಿ ನಿನ್ನೆ ಊರಿಂದ ಕಳ್ಸಿರೋ ವಾಯ್ಸ್ ಮೆಸೇಜ್! ಆ ಗ್ಯಾಂಗಿನೋರು ಮತ್ತೆ ಬಂದು ನಾವೆಲ್ಲಿ ಅಂತ ಕೇಳಿದ್ರಂತೆ!"

"ಇದು ನಿನ್ನೇದು. ಅಧಿಕಾರಿ ತೀರ್ಪು ಕೊಟ್ಟಿದ್ದು ಹೋದ ವರ್ಷ. ಆವಾಗ ಅವರ ಮೇಜಿನ ಮೇಲೆ ಏನಿತ್ತೋ ಅಷ್ಟೇ."

ಯಾರೆಲಿ ಅದನ್ನು ಅಮ್ಮನಿಗೆ ಸ್ಪ್ಯಾನಿಶ್‌ನಲ್ಲಿ ಹೇಳಿದಳು. ಅಮ್ಮ ಮರಿಸೆಲಾ ಹುಬ್ಬೇರಿಸಿದಳು.

"ಸರಿ, ಬೆದರಿಸೋಕೆ ಬರೋರಿಗೆ ಹೇಳೋಣ, ಸ್ವಾಮಿ, ದಯವಿಟ್ಟು ಹೋದ ವರ್ಷವೇ ಬನ್ನಿ ಅಂತ."

ಮೆಕ್ಸಿಕೋದ ಉರುಆಪಾನ್‌ನಲ್ಲಿ ಅಪ್ಪನ ಬೆಣ್ಣೆಹಣ್ಣಿನ ತೋಟದ ಮೇಲೆ ಗ್ಯಾಂಗಿನ ಕಣ್ಣು ಬಿದ್ದಿತ್ತು. ಕೊಡದಿದ್ದರೆ ಮನೆಮಂದಿಯನ್ನೆಲ್ಲ ಮುಗಿಸುತ್ತೇವೆ ಎಂದಿದ್ದರು. ಕೆನಡಾಕ್ಕೆ ಓಡಿಬಂದು ಆಶ್ರಯ ಕೇಳಿದರೆ ಅಧಿಕಾರಿ ಆಗದು ಎಂದು ಹನ್ನೆರಡು ಪುಟ ಬರೆದರು. ನಿಮ್ಮ ಭಯ ನಿಜ, ಆದರೆ ನಿಮ್ಮ ದೇಶ ದೊಡ್ಡದು. ಮೆರಿದಾ ಪಟ್ಟಣಕ್ಕೆ ಹೋಗಿ. ಅಲ್ಲಿ ಬಸ್ಸಿದೆ, ಶಾಲೆಯಿದೆ, ಹವೆ ಬೆಚ್ಚಗಿದೆ. ರಜೆಗೆ ಹೋದವರು ಬರೆದ ಪತ್ರದ ಹಾಗಿತ್ತು ಅದು. ಆ ತೀರ್ಪಿನ ವಿರುದ್ಧ ಕೋರ್ಟಿಗೆ ಬಂದಿದ್ದರು. ಇವತ್ತು ಸೋತರೆ ವಾಪಸ್ ವಿಮಾನ ಹತ್ತಬೇಕು.

"ನಮ್ಮಜ್ಜಿ ಕತೆಯ ರಾಕ್ಷಸಂಗೆ ಹೊಳೆ ದಾಟೋಕೆ ಬರ್ತಿರ್ಲಿಲ್ಲ," ಒಳಗೆ ಹೋಗಿ ಕೂತು ಅಮ್ಮ ಗೊಣಗಿದಳು. "ಈ ಗ್ಯಾಂಗಿನೋರ ಹತ್ರ ಫೋನಿದೆ, ಟ್ರಕ್ಕಿದೆ. ಮೆರಿದಾ ಬೋರ್ಡ್ ನೋಡಿ ಹಿಂದೆ ತಿರುಗ್ತಾರಾ?"

"ಶ್! ಅಮ್ಮಾ, ಜಡ್ಜ್ ಬಂದ್ರು."

ಅಲ್ಲಿ ಮಾತೆಲ್ಲ ಅವರ ಬದುಕಿನದೇ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಅವರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಸರ್ಕಾರಿ ವಕೀಲರು ಮೆರಿದಾವನ್ನು ಎಷ್ಟು ಹೊಗಳಿದರೆಂದರೆ, ಅಲ್ಲಿ ಸೈಟು ಮಾರಲು ಬಂದಂತಿತ್ತು.

ಜಡ್ಜ್ ಕನ್ನಡಕ ಸರಿಮಾಡಿಕೊಂಡರು. "ಹಳೆಯ ಕಡತದಲ್ಲಿ ತಾಯಿಯ ಹೇಳಿಕೆ, ಪುಟ ಮೂವತ್ತೊಂದು. ಈ ಕುಟುಂಬ ಮೊದಲು ತಮ್ಮ ದೇಶದಲ್ಲೇ ಕೆರೆತಾರೊ ಪಟ್ಟಣಕ್ಕೆ ಓಡಿಹೋಗಿತ್ತು. ಎರಡನೇ ವಾರಕ್ಕೆ, 'ಎಂಟು ವರ್ಷದ ಮಗಳು ಶಾಲೆಯ ಗೇಟಿನಲ್ಲಿ ಗ್ಯಾಂಗಿನ ಅದೇ ಬಿಳಿ ಟ್ರಕ್ ನೋಡಿದಳು.' ಅಧಿಕಾರಿಯ ಹನ್ನೆರಡು ಪುಟದಲ್ಲಿ ಇದೆಲ್ಲಿದೆ?"

ಯಾರೆಲಿ ಬೆಂಚಿನ ತುದಿಗೆ ಸರಿದು ಕೂತಳು. ಅದು ಅವಳೇ!

ಸರ್ಕಾರಿ ವಕೀಲರು ಪುಟಗಳನ್ನು ಮುಂದಕ್ಕೆ ತಿರುವಿದರು, ಹಿಂದಕ್ಕೆ ತಿರುವಿದರು. "ಅಧಿಕಾರಿ ಎಲ್ಲ ಓದಿದ್ದಾರೆ ಅಂತ ಭಾವಿಸಬೇಕು, ಮೇಡಂ."

"ಭಾವಿಸ್ತೀನಿ. ಎಲ್ಲಿದೆ, ತೋರಿಸಿ."

ತೋರಿಸಲು ಇರಲಿಲ್ಲ. ಮಧ್ಯಾಹ್ನದೊಳಗೆ ಜಡ್ಜ್ ಹಳೆಯ ತೀರ್ಪನ್ನು ರದ್ದುಮಾಡಿ ಎದ್ದುಹೋದರು.

"ಗೆದ್ವಾ?" ಅಮ್ಮ ಪಿಸುಗುಟ್ಟಿದಳು.

"ಗೆದ್ವಿ ಅಮ್ಮಾ!"

"ಹಾಗಾದ್ರೆ ಇಲ್ಲೇ ಇರಬಹುದಾ? ಕೇಳು."

ಯಾರೆಲಿ ಕೇಳಿದಳು. ಫಿಯೋನಾ ಕೆನ್ನೆ ಕೆರೆದುಕೊಂಡರು. "ಅದು ಇನ್ನೂ ಗೊತ್ತಿಲ್ಲ. ಬೇರೆ ಅಧಿಕಾರಿ ಮತ್ತೆ ಮೊದಲಿಂದ ಕೇಳ್ತಾರೆ."

ಅಮ್ಮನಿಗೆ ನಗು ಬಂತು. "ಮತ್ತೆ ಮೊದಲಿಂದಾನಾ? ಗೆದ್ದೋರಿಗೆ ಬಹುಮಾನ ಇನ್ನೊಂದು ಪರೀಕ್ಷೆ! ಸೋತಿದ್ರೆ ಏನು ಕೊಡ್ತಿದ್ರೋ!"

ನಗುತ್ತಲೇ ಕೋಟಿನ ಗುಂಡಿ ಹಾಕಲು ಹೋದಳು. ಗುಂಡಿ ಎರಡು ಸಲ ಬೆರಳಿನಿಂದ ಜಾರಿತು.

ಯಾರೆಲಿ ನೋಡುತ್ತ ನಿಂತಳು. ಹೋದ ಸಲ ಅಮ್ಮ ಒಳಗೆ ಅಧಿಕಾರಿಗೆ ಎಲ್ಲ ಹೇಳುವಾಗ ಅವಳನ್ನು ಬಣ್ಣದ ಪೆನ್ಸಿಲ್ ಕೊಟ್ಟು ಹೊರಗೆ ಕೂರಿಸಿದ್ದರು. ಮೂರು ಗಂಟೆ. ಆವತ್ತೂ ಅಮ್ಮ ಹೀಗೇ ನಗುತ್ತಾ ಹೊರಗೆ ಬಂದಿದ್ದಳು.

ಯಾರೆಲಿ ಹತ್ತಿರ ಬಂದು ಅಮ್ಮನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು.

"ಈ ಸಲ ನಾನೂ ಒಳಗೆ ಬರ್ತೀನಿ. ಟ್ರಕ್ಕಿನ ವಿಷಯ ನಾನೇ ಹೇಳ್ತೀನಿ."

"ಸರಿ, ಈ ಸಲ ಬಣ್ಣದ ಪೆನ್ಸಿಲ್ ಬೇಡ," ಎಂದಳು ಅಮ್ಮ.