ಮೂರನೆಯ ಹಳ್ಳ

ಬಟನ್ ಒತ್ತಿದ ಮೇಲೆ ಎಷ್ಟು ಹೊತ್ತಿಗೆ ಟಿವಿಯೊಳಗಿನ ಮನುಷ್ಯ ಜಿಗಿಯಬೇಕು ಎಂಬುದು ಬಹಳ ಗಂಭೀರವಾದ ಪ್ರಶ್ನೆ. ಎರಡು ಸಾವಿರದ ಒಂಬತ್ತನೆಯ ಇಸವಿಯ ಮೊದಲ ಎರಡು ತಿಂಗಳು ಕೊಟ್ಟೂರಿನ ಒಂದು ಮನೆ, ಹಿರೇಹಡಗಲಿಯ ಇನ್ನೊಂದು ಮನೆ, ನಡುವೆ ಓಡಾಡುವ ಒಂದು ಬಸ್ಸು, ಆ ಬಸ್ಸನ್ನು ನಂಬಿದ ಹತ್ತು ಹನ್ನೆರಡು ಹಳ್ಳಿ, ಎಲ್ಲವೂ ಈ ಪ್ರಶ್ನೆಯ ಮೇಲೆಯೇ ನಿಂತಿದ್ದವು. ಹಾಗೆ ನಿಂತಿದ್ದೇವೆಂದು ಅವಕ್ಕೆ ಗೊತ್ತಿರಲಿಲ್ಲ, ಅಷ್ಟೆ.

ಬಸ್ಸು ಗುರುಬಸವರಾಜನದು. ಮಾಲೀಕ ಅವನೇ, ಡ್ರೈವರೂ ಅವನೇ. ಕೊಟ್ಟೂರಿನಿಂದ ಹರಪನಹಳ್ಳಿ, ಅಲ್ಲಿಂದ ಹಿರೇಹಡಗಲಿ, ಹಡಗಲಿ, ಮತ್ತೆ ವಾಪಸ್ಸು. ಕೊನೆಯ ಟ್ರಿಪ್ ಮುಗಿಸಿದ ಡ್ರೈವರುಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಚಟ. ಇಪ್ಪತ್ತೊಂಬತ್ತು ವರ್ಷದ ಇವನ ಚಟ ಟಿವಿ ಗೇಮು. ಹದಿನಾಲ್ಕನೆಯ ವಯಸ್ಸಿನಲ್ಲಿ ಅಪ್ಪ ಬಳ್ಳಾರಿಯಿಂದ ತಂದುಕೊಟ್ಟದ್ದು. ಒಂದು ಡಬ್ಬಿ, ವೈರಿನ ತುದಿಗೆ ಎರಡು ರಿಮೋಟು, ಒಂದು ಪ್ಲಾಸ್ಟಿಕ್ ಗನ್ನು, ಒಂದು ಹಳದಿ ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ ಒಂಬತ್ತು ಸಾವಿರ ಚಿಲ್ಲರೆ ಆಟ ಎಂದು ಬರೆದಿತ್ತು, ಇದ್ದದ್ದು ಏಳು, ಇವನು ಆಡುತ್ತಿದ್ದದ್ದು ಒಂದು. ಕುಳ್ಳ ಮನುಷ್ಯನೊಬ್ಬ ಓಡುತ್ತಾನೆ, ಹಳ್ಳ ಬರುತ್ತದೆ, ಜಿಗಿಯಬೇಕು. ಮೂರನೆಯ ಹಳ್ಳ ಅಗಲ. ಕುಳ್ಳನ ಕಾಲು ಅಂಚಿಗೆ ಬಂದ ಕ್ಷಣಕ್ಕೇ ಒತ್ತಬೇಕು. ಅದರಲ್ಲಿ ಕೊನೆಯ ಸಲ ಯಾವಾಗ ಬಿದ್ದೆ ಎಂದು ಗುರುಬಸವರಾಜನಿಗೆ ನೆನಪಿರಲಿಲ್ಲ.

ಸುಮಲತಾ ಹಿರೇಹಡಗಲಿಯ ಕೇಬಲ್ ಆಫೀಸಿನಲ್ಲಿ ಕೂರುವವಳು. ಕೇಬಲ್ ಅವಳ ಅಣ್ಣ ಪ್ರವೀಣಕುಮಾರನದು. ಕಂಬ ಹತ್ತುವುದು ಅವನು, ದೂರು ಕೇಳುವುದು ಇವಳು. ಗುರುವಾರಕ್ಕೊಮ್ಮೆ ವೈರು, ಕನೆಕ್ಟರು ತರಲು ಹರಪನಹಳ್ಳಿಗೆ ಹೋಗುತ್ತಿದ್ದಳು, ಆ ಬಸ್ಸಿನಲ್ಲಿಯೇ, ಎಂಜಿನ್ ಪಕ್ಕದ ಸೀಟಿನಲ್ಲಿಯೇ.

ಡ್ರೈವರನ ತಲೆಯ ಮೇಲೆ ಒಂದು ಕನ್ನಡಿ ಇತ್ತು. ಅವನು ಅದರಲ್ಲಿ ನೋಡುತ್ತಿದ್ದ. ಅವಳು ಎಷ್ಟು ಬೇಗ ತಲೆ ಎತ್ತಿದರೂ ಅವನ ಕಣ್ಣು ಅದಕ್ಕಿಂತ ಬೇಗ ರಸ್ತೆಗೆ ಹೋಗಿರುತ್ತಿತ್ತು. ಕನ್ನಡಿಯಲ್ಲಿ ಉಳಿಯುತ್ತಿದ್ದದ್ದು ಒಂದು ಕೆಂಪು ಕಿವಿ.

ಎಂಟು ಗುರುವಾರ ಹೀಗೆ ಕಳೆದ ಮೇಲೆ ಅವಳೇ ಕೇಳಿದಳು.

"ಆ ಕನ್ನಡಿ ಯಾಕ ಇರ್ತೈತ್ರಿ?"

"ಪ್ಯಾಸೆಂಜರ್ ನೋಡಾಕ."

"ಇಪ್ಪತ್ತು ಮಂದಿ ಅದಾರ. ಎಲ್ಲಾರ್ನೂ ನೋಡ್ರಿ ಮತ್ತ."

"ಹತ್ತೊಂಬತ್ತು ಮಂದೀನ ನೋಡಿ ಆತು."

ಅವಳು ಕಿಟಕಿಯ ಕಡೆ ತಿರುಗಿದಳು. ಹೊರಗೆ ನೋಡುವಂಥದ್ದೇನೂ ಇರಲಿಲ್ಲ. ಜೋಳದ ಕೂಳೆ, ಜಾಲಿ, ಮತ್ತೆ ಜೋಳದ ಕೂಳೆ. ಹರಪನಹಳ್ಳಿ ಬರುವವರೆಗೂ ಅದನ್ನೇ ನೋಡಿದಳು, ತುಟಿ ಕಚ್ಚಿಕೊಂಡು.

ಮಾತು ಮದುವೆಗೆ ಬಂದಾಗ, ಕುಲ ಒಂದೇ, ಮಠ ಒಂದೇ ಆದ್ದರಿಂದ ಹಿರಿಯರಿಗೆ ಅಡ್ಡಿ ಮಾಡಲು ಏನೂ ಸಿಗಲಿಲ್ಲ. ಎರಡೂ ಕಡೆಗೆ ಬೇಕಾದ ಕರಿಸಿದ್ದಪ್ಪ ನಡುವೆ ಕೂತು ಮಾತು ಮುಗಿಸಿದರು. ಜನವರಿಯಲ್ಲಿ ನಿಶ್ಚಯವಾಯಿತು. ಹೆಣ್ಣಿನ ಕಡೆಯವರು ಮೂವತ್ತೆರಡು ಇಂಚಿನ ಎಲ್‌ಸಿಡಿ ಟಿವಿ ಕೊಟ್ಟರು. ಕೇಬಲ್‌ನವರ ಮನೆಯ ಹೆಣ್ಣು ಬರಿಗೈಲಿ ಹೋದರೆ ಹೇಗೆ?

ಗುರುಬಸವರಾಜನ ತಾಯಿ ಶಿವಬಸಮ್ಮ ಹೊಸ ಟಿವಿಗೆ ವಿಭೂತಿ ಹಚ್ಚಿ ಪಡಸಾಲೆಯಲ್ಲಿ ಇಡಿಸಿದಳು. ಹಳೆಯ ಡಬ್ಬಿ ಟಿವಿ ಒಳಕೋಣೆಗೆ ಹೋಯಿತು. ಅದರ ಮೇಲೆ ಹಳೆಯ ಸೀರೆ, ಸೀರೆಯ ಮೇಲೆ ಉಪ್ಪಿನಕಾಯಿ ಬರಣಿ.

ಆ ಸಂಜೆ ಗುರುಬಸವರಾಜ ಗೇಮನ್ನು ಹೊಸ ಟಿವಿಗೆ ಜೋಡಿಸಿದ. ಮೂರನೆಯ ಹಳ್ಳದಲ್ಲಿ ಬಿದ್ದ. ನಕ್ಕು ಮತ್ತೆ ಆಡಿದ, ಮತ್ತೆ ಬಿದ್ದ. ಏಳನೆಯ ಸಲ ಬಿದ್ದಾಗ ನಗುತ್ತಿರಲಿಲ್ಲ. ಒತ್ತಿದ್ದು ಸರಿಯಾಗಿ ಅಂಚಿನಲ್ಲಿ. ಆದರೆ ಕುಳ್ಳ, ಯಾರೋ ಕೂಗಿದ್ದನ್ನು ಆಮೇಲೆ ಕೇಳಿಸಿಕೊಂಡವನ ಹಾಗೆ, ಒಂದು ಕೂದಲೆಳೆಯಷ್ಟು ತಡವಾಗಿ ಏಳುತ್ತಿದ್ದ.

ಬೇರೆ ಯಾರಾದರೂ ಆಗಿದ್ದರೆ ಟಿವಿಯನ್ನು ಬೈಯುತ್ತಿದ್ದರು. ಆದರೆ ಬೀಗರು ಕೊಟ್ಟ ವಸ್ತುವಿಗೆ ಕುಂದು ಹೇಳಬಾರದು ಎಂಬುದು ಆ ಮನೆಯ ರೂಢಿ. ಹೇಳದೆ ಹೇಳದೆ, ಕುಂದು ಇರಬಹುದೆಂದು ಯೋಚಿಸುವುದೂ ತಪ್ಪಿಹೋಗಿತ್ತು. ಹಾಗಾಗಿ ಅವನು ತನ್ನ ಕೈ ನೋಡಿಕೊಂಡ.

ಆ ಕೈಗೆ ಒಂದು ಹಿನ್ನೆಲೆ ಇತ್ತು. ಅವನ ಅಪ್ಪ ಪಾಲಾಕ್ಷಪ್ಪನೂ ಅದೇ ಬಸ್ಸಿನ ಡ್ರೈವರು. ಸೋಮವಾರದ ಭಜನೆಯಲ್ಲಿ ತಾಳ ಹಾಕುವವನು. ಒಂದು ಸೋಮವಾರ ಅವನ ತಾಳ ಹಾಡಿಗಿಂತ ಸ್ವಲ್ಪ ಹಿಂದೆ ಬಿತ್ತು. ಮುಂದಿನ ಸೋಮವಾರವೂ ಬಿತ್ತು. ಜನ ನಕ್ಕರು, ಅವನೂ ನಕ್ಕ. ವರ್ಷ ತುಂಬುವುದರೊಳಗೆ ಕೈ ನಡುಗತೊಡಗಿತು. ಮೂರು ವರ್ಷಕ್ಕೆ ಲೋಟ ಹಿಡಿಯಲಾಗಲಿಲ್ಲ, ಆಮೇಲೆ ಹಾಸಿಗೆ, ಆಮೇಲೆ ಇಲ್ಲ. "ಅವ್ರಪ್ಪಗೂ ಹಿಂಗ ಆಗಿತ್ತು" ಎಂದು ಮಣ್ಣಿಗೆ ಬಂದ ಯಾರೋ ಹೇಳಿದ್ದನ್ನು ಗುರುಬಸವರಾಜ ಕೇಳಿಸಿಕೊಂಡಿದ್ದ.

ಒಂದು ವಾರ ದಿನವೂ ಆಡಿ ನೋಡಿದ. ದಿನವೂ ಬಿದ್ದ. ಎಂಟನೆಯ ದಿನ ಬಸ್ಸು ತೆಗೆಯಲಿಲ್ಲ. ನಲವತ್ತು ಜನರನ್ನು ಕೂರಿಸಿಕೊಂಡು ಬ್ರೇಕ್ ತಡವಾಗಿ ಒತ್ತುವವನು ಸ್ಟೇರಿಂಗ್ ಹಿಡಿಯಬಾರದು. ಬೇರೆ ಡ್ರೈವರನ್ನೂ ಇಡಲಿಲ್ಲ. ಇಟ್ಟರೆ ಯಾಕೆಂದು ಹೇಳಬೇಕಾಗುತ್ತಿತ್ತು. ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದರೆ ಅವರು ಹೇಳಿಬಿಡುತ್ತಿದ್ದರು. ಕರಿಸಿದ್ದಪ್ಪನವರ ಮನೆಗೆ ಹೋಗಿ, "ಮದುವಿ ಬ್ಯಾಡ್ರಿ, ಅವ್ರಿಗೆ ತಿಳಿಸಿಬಿಡ್ರಿ" ಎಂದ. ಅವರು ಕಾರಣ ಕೇಳಿದರು. ಅವನು ಗೋಡೆಯ ಕ್ಯಾಲೆಂಡರ್ ನೋಡಿದ.

ಆಮೇಲೆ ಅವನಿಗೆ ದುಃಖವೇನೂ ಆಗಲಿಲ್ಲ. ಏನೂ ಆಗಲಿಲ್ಲ. ಏಳುತ್ತಿದ್ದ, ಸ್ನಾನ ಮಾಡುತ್ತಿದ್ದ, ಹೊರಗೆ ನಿಂತ ಬಸ್ಸಿನ ಗಾಜು ಒರೆಸುತ್ತಿದ್ದ, ಸಂಜೆ ಕೂತು ಹಳ್ಳಕ್ಕೆ ಬೀಳುತ್ತಿದ್ದ.

"ಸಾರಿಗೆ ಉಪ್ಪು ಸರಿ ಐತೇನಪಾ?" ಎಂದು ಶಿವಬಸಮ್ಮ ಕೇಳಿದಳು.

"ಐತಿ."

ಅವಳು ಉಪ್ಪು ಹಾಕಿರಲಿಲ್ಲ.

ಹಿರೇಹಡಗಲಿಯಲ್ಲಿ ಸುಮಲತಾಳೂ ಹೆಚ್ಚು ಕಡಿಮೆ ಹಾಗೆಯೇ. ಅಳು ಬರುತ್ತದೆಂದು ಎರಡು ದಿನ ಕಾದಳು. ಬರಲಿಲ್ಲ. ಮೂರನೆಯ ದಿನ ಆಫೀಸಿಗೆ ಹೋಗಿ ಫೋನು ಎತ್ತಿ, "ವೈರ್ ಅಳ್ಳಾಡಿಸಿ ನೋಡ್ರಿ" ಎನ್ನತೊಡಗಿದಳು. ಗುರುಬಸವರಾಜನಿಗೆ ಐದು ಸಲ ಫೋನು ಮಾಡಿದ್ದಳು. ಅವನು ಎತ್ತಿರಲಿಲ್ಲ.

ಸಂಬಂಧ ಮುರಿದರೆ ಕೊಟ್ಟದ್ದು ಕೊಟ್ಟವರಿಗೆ ಹೋಗಬೇಕು. ಫೆಬ್ರುವರಿ ಕೊನೆಯ ಒಂದು ಮಧ್ಯಾಹ್ನ ಪ್ರವೀಣಕುಮಾರ ಲಗೇಜ್ ಆಟೋ ತೆಗೆದುಕೊಂಡು, ಕರಿಸಿದ್ದಪ್ಪ ಮತ್ತು ಇನ್ನಿಬ್ಬರು ಹಿರಿಯರ ಜೊತೆ ಕೊಟ್ಟೂರಿಗೆ ಬಂದ. ಗಂಡಿನ ಕಡೆಯವರು ಕೊಟ್ಟಿದ್ದ ಸೀರೆ, ಉಂಗುರ ತಂದಿದ್ದ. ಉಡಿ ತುಂಬಿದ ಅಕ್ಕಿ ಮಾತ್ರ ತರಲಿಲ್ಲ, ಅದು ಊಟವಾಗಿತ್ತು. "ಅಕ್ಕಿ ಲೆಕ್ಕಕ್ಕ ಬ್ಯಾಡ ಬಿಡ್ರಿ" ಎಂದು ಕರಿಸಿದ್ದಪ್ಪ ತೀರ್ಪು ಕೊಟ್ಟರು.

ಇಂಥ ಕೆಲಸಕ್ಕೆ ಹುಡುಗಿ ಬರುವ ಪದ್ಧತಿ ಇಲ್ಲ. ಸುಮಲತಾ ಬಂದಿದ್ದಳು. ಕೈಯಲ್ಲಿ ಟಿವಿಯ ಖಾಲಿ ಬಾಕ್ಸು.

"ನೀ ಯಾಕವ್ವ?" ಎಂದರು ಕರಿಸಿದ್ದಪ್ಪ.

"ಥರ್ಮಾಕೋಲ್ ಹೆಂಗ ಕೂಡ್ಸಬೇಕಂತ ಇವ್ನಿಗೆ ಗೊತ್ತಿಲ್ರಿ" ಎಂದು ಅಣ್ಣನನ್ನು ತೋರಿಸಿದಳು.

ಗಂಡಸರು ಹೊರಗೆ ಕಟ್ಟೆಯ ಮೇಲೆ ಚಹಾಕ್ಕೆ ಕೂತರು. ಅವಳು ಪಡಸಾಲೆಗೆ ಬಂದಳು. ಗುರುಬಸವರಾಜ ಟಿವಿಯ ಮುಂದೆ ನೆಲದ ಮೇಲಿದ್ದ. ಗಡ್ಡ ಬಂದಿತ್ತು. ಕುಳ್ಳ ಬಿದ್ದ.

"ಆಫ್ ಮಾಡ್ರಿ. ಬಿಸಿ ಇದ್ದಾಗ ಪ್ಯಾಕ್ ಮಾಡಾಕ ಬರಂಗಿಲ್ಲ."

ಅವನು ಆಫ್ ಮಾಡಲಿಲ್ಲ.

"ಫೋನ್ ಎತ್ತಾಕ ಪುರುಸೊತ್ತಿಲ್ಲ, ಆಟ ಆಡಾಕ ಐತಿ."

"ಆಡಾಕತ್ತಿಲ್ಲ. ಎಷ್ಟು ತಡ ಆಗ್ತೈತಿ ಅಂತ ನೋಡಾಕತ್ತೀನಿ."

"ಏನು ತಡ?"

ಅವನು ಹೇಳಿದ. ಅಪ್ಪನ ತಾಳ, ತನ್ನ ಕೈ, ಬಸ್ಸು, ಅವಳು. ಬಸ್ ಸ್ಟಾಂಡಿನಲ್ಲಿ ಊರುಗಳ ಹೆಸರು ಕೂಗುವವರ ಹಾಗೆ ಒಂದೇ ದನಿಯಲ್ಲಿ ಹೇಳಿ ಮುಗಿಸಿದ. "ನಿನ್ನ ಕೈಲಿ ಲೋಟ ಹಿಡಿಸಿಕೊಂಡು ಕುಡಿಯೋ ಗಂಡ ನಿಂಗ್ಯಾಕ?" ಎಂದ ಕೊನೆಗೆ.

ಸುಮಲತಾ ಬಾಕ್ಸು ಕೆಳಗಿಟ್ಟು ಪಕ್ಕದಲ್ಲಿ ಕೂತಳು. ನಡುವೆ ಒಂದು ಮೊಳ ಜಾಗವಿತ್ತು. ಅವನ ಕೈಯಿಂದ ರಿಮೋಟು ತೆಗೆದುಕೊಂಡಳು. ಬಿದ್ದಳು. ಮತ್ತೆ ಬಿದ್ದಳು.

"ನಂಗೂ ಐತಿ ನಿಮ್ಮಪ್ಪನ ಬ್ಯಾನಿ."

"ನಿಂಗ ಆಡಾಕ ಬರಂಗಿಲ್ಲ."

"ಅದೂ ಖರೇನ." ಅವಳು ಸುತ್ತ ನೋಡಿದಳು. "ಆ ಗನ್ ಯಾತಕ್ಕ?"

"ಬಾತುಕೋಳಿ ಹೊಡ್ಯಾಕ. ಈಗ ಒಂದೂ ಬೀಳಂಗಿಲ್ಲ. ಗುರಿನೂ ಹೋಗೈತಿ."

ಅವಳು ಆ ಆಟ ಹಾಕಿಸಿದಳು. ಬಾತುಕೋಳಿ ಹುಲ್ಲಿನಿಂದ ಎದ್ದಿತು. ಸುಮಲತಾ ಮಂಡಿಯೂರಿ ಮುಂದೆ ಹೋಗಿ ಗನ್ನಿನ ಮೂತಿಯನ್ನು ಬಾತುಕೋಳಿಯ ಹೊಟ್ಟೆಗೇ ಒತ್ತಿ ಹೊಡೆದಳು. ಬಾತುಕೋಳಿ ಹಾರಿಹೋಯಿತು. ಇನ್ನೊಂದು ಎದ್ದಿತು. ಅದಕ್ಕೂ ಮೂತಿ ಹಚ್ಚಿ ಹೊಡೆದಳು. ಅದೂ ಹೋಯಿತು.

ಅವಳು ಗನ್ನು ಹಿಡಿದುಕೊಂಡೇ ಅವನ ಕಡೆ ತಿರುಗಿದಳು.

"ಇಷ್ಟು ಹತ್ರದಿಂದ ಕುರುಡನೂ ಹೊಡೀತಾನ. ಹಳೇ ಟಿವಿ ಎಲ್ಲೈತಿ?"

ಒಳಕೋಣೆಯಲ್ಲಿ ಬರಣಿ ಇಳಿಸಿದರು, ಸೀರೆ ತೆಗೆದರು. "ಅದ್ಯಾಕವ್ವ ಈಗ?" ಎಂದು ಶಿವಬಸಮ್ಮ ಬರಣಿ ತಬ್ಬಿಕೊಂಡು ನಿಂತಳು. ಸುಮಲತಾ ವೈರು ಚುಚ್ಚುತ್ತಾ ಹೇಳಿದಳು:

"ನಮ್ಮ ಓಣ್ಯಾಗ ಮ್ಯಾಚ್ ನಡದಾಗ ಕೇಬಲ್ ಮನಿಯವ್ರು ಮೊದ್ಲು ಕೂಗ್ತಾರ. ಡಿಶ್ ಹಾಕ್ಸಿದವ್ರು ಆಮ್ಯಾಲೆ ಕೂಗ್ತಾರ. ವಿಕೆಟ್ ಒಂದ. ಔಟ್ ಆದಾಂವ ಎರಡು ಸಲ ಔಟ್ ಆಗಿರಂಗಿಲ್ಲ. ತೋರಿಸೋದು ತಡ, ಅಷ್ಟ."

ಈ ಸಲ ಅವಳು ಬಾಗಿಲ ಹತ್ತಿರದಿಂದ ಹೊಡೆದಳು. ಬಾತುಕೋಳಿ ರೆಕ್ಕೆ ಬಡಿದು ಬಿತ್ತು.

"ತಗೋರಿ" ಎಂದು ರಿಮೋಟು ಅವನ ಕೈಗಿಟ್ಟಳು. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಅದನ್ನು ಗಮನಿಸದವರ ಹಾಗೆ ಟಿವಿ ನೋಡಿದರು.

ಕುಳ್ಳ ಓಡಿದ. ಮೊದಲ ಹಳ್ಳ. ಎರಡನೆಯದು. ಮೂರನೆಯದರ ಅಂಚಿಗೆ ಕಾಲು ಬಂತು. ಒತ್ತಿದ. ಕುಳ್ಳ ಎದ್ದ, ಆಚೆ ದಡದಲ್ಲಿ ಇಳಿದು ಓಡಿದ. ಗುರುಬಸವರಾಜ ರಿಮೋಟು ಕೆಳಗಿಟ್ಟ. ಓಡುತ್ತಿದ್ದವನು ಮುಂದೆಲ್ಲೋ ಗೋಡೆಗೆ ಬಡಿದು ನಿಂತ.

ಸುಮಲತಾ ಟಿವಿಯ ಸದ್ದು ಕಡಿಮೆ ಮಾಡಿದಳು.

"ಖುಷಿ ಆಗ್ಬೇಕಿತ್ತು" ಎಂದ ಅವನು. "ಆಗವಲ್ದು."

"ಆಗ್ತೈತಿ ಬಿಡ್ರಿ. ತಡಾಗಿ ಬರ್ಲಿ."

"ಬ್ಯಾನಿ ಮುಂದ ಬಂದ್ರ? ಇವತ್ತು ಇಲ್ಲ, ನಲವತ್ತಕ್ಕ, ಐವತ್ತಕ್ಕ?"

ಅವಳು ಗನ್ನಿನ ವೈರು ಸುತ್ತಿ ಬದಿಗಿಟ್ಟಳು.

"ಬಂದ್ರ ಬಸ್ಸಿಗೆ ಡ್ರೈವರ್ ಇಡೋಣ. ಲೋಟ ನಾ ಹಿಡೀತೀನಿ. ಆದ್ರ ನನ್ನ ಕೇಳಲಾರ್ದ ನನ್ನ ಬದ್ಲಿ ನೀವು ತೀರ್ಮಾನ ಮಾಡೋದು ಇದ ಕಡೀ ಸಲ."

ಅವನು ತಲೆ ಆಡಿಸಿದ.

"ಮತ್ತ ಕನ್ನಡ್ಯಾಗ ನಾ ತಲಿ ಎತ್ತೋದ್ರಾಗ ಕಣ್ಣು ತಪ್ಪಿಸ್ತಿದ್ರಿ. ಅಂಥಾವ್ರ ಕೈ ನಿಧಾನ ಅಂದ್ರ ಯಾರು ನಂಬ್ತಾರ? ಏಳ್ರಿ, ನಮ್ಮನ್ನ ಊರಿಗೆ ಬಿಟ್ಟು ಬರ್ರಿ. ಬಸ್ಸಿನ್ಯಾಗ."

ಹೊರಗಿನಿಂದ ಕರಿಸಿದ್ದಪ್ಪ ಕೂಗಿದರು. "ಪ್ಯಾಕಿಂಗ್ ಆತೇನವ್ವ?"

"ಟಿವಿ ಒಂದ ಹೋಗೋದ್ರಿ. ಸೀರಿ, ಉಂಗುರ ಒಳಗ ತಗೊಂಡ್ ಬರ್ರಿ."

"ಅಂದ್ರ?"

"ಅಂದ್ರ ಟಿವಿ ಕೆಟ್ಟೈತ್ರಿ."

ಶಿವಬಸಮ್ಮ ಬರಣಿಯನ್ನು ನೆಲಕ್ಕಿಟ್ಟಳು. ಬೀಗರ ವಸ್ತುವಿಗೆ ಬೀಗರೇ ಕುಂದು ಹೇಳಿದರೆ ಏನು ಮಾಡಬೇಕೆಂದು ರೂಢಿಯಲ್ಲಿ ಇರಲಿಲ್ಲ. "ಅತ್ತಾಗ ಹಾಳಾಗಿ ಹೋಗ್ಲಿ ಅದು" ಎಂದಳು ಮೆತ್ತಗೆ.

ಮೂರು ವಾರ ನಿಂತ ಬಸ್ಸು ಸ್ಟಾರ್ಟ್ ಆಗಲಿಲ್ಲ. ಸಂಬಂಧ ಮುರಿಯಲು ಬಂದ ಹಿರಿಯರು ಪಂಚೆ ಎತ್ತಿ ಕಟ್ಟಿ ಬಸ್ಸು ತಳ್ಳಿದರು. ಪ್ರವೀಣಕುಮಾರ ಏನೂ ಅರ್ಥವಾಗದೆ ಖಾಲಿ ಲಗೇಜ್ ಆಟೋದಲ್ಲಿ ಹಿಂದೆ ಹೊರಟ. ಟಿವಿ ಬಾಕ್ಸು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿತು. ಸುಮಲತಾ ಎಂಜಿನ್ ಪಕ್ಕದಲ್ಲಿ.

ಗುರುಬಸವರಾಜ ಸುಮ್ಮನೆ ಓಡಿಸಿದ. ಎಮ್ಮೆ ಅಡ್ಡ ಬಂತು, ಬ್ರೇಕ್ ಒತ್ತಿದ, ಬಸ್ಸು ನಿಂತಿತು. ರಸ್ತೆಯ ಉಬ್ಬಿಗೆ ನಿಧಾನ ಮಾಡಿದ. ಮುಖದಲ್ಲಿ ಏನೂ ಇರಲಿಲ್ಲ.

ಹರಪನಹಳ್ಳಿ ದಾಟಿ ನಾಲ್ಕು ಮೈಲಿ ಹೋದ ಮೇಲೆ ಬಸ್ಸನ್ನು ರಸ್ತೆಯ ಬದಿಗೆ ತೆಗೆದು ಎಂಜಿನ್ ಆಫ್ ಮಾಡಿದ. ಸ್ಟೇರಿಂಗ್ ಮೇಲೆ ಹಣೆ ಇಟ್ಟ. ಭುಜ ಅಲುಗುತ್ತಿತ್ತು.

"ಎಂಜಿನ್ ಬಿಸಿ ಆತೇನು?" ಎಂದರು ಕರಿಸಿದ್ದಪ್ಪ ಹಿಂದಿನಿಂದ.

"ಇಲ್ರಿ" ಎಂದಳು ಸುಮಲತಾ. "ಒಂದು ನಿಮಿಷ ಕುಂದರ್ರಿ."

ಒಂದು ನಿಮಿಷಕ್ಕಿಂತ ಜಾಸ್ತಿ ಆಯಿತು. ಆಮೇಲೆ ಅವನು ತಲೆ ಎತ್ತಿ ಕನ್ನಡಿಯಲ್ಲಿ ನೋಡಿದ. ಅವಳೂ ನೋಡಿದಳು. ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ. ಅವಳಿಗೆ ಮೂರು ವಾರದಿಂದ ಬಾರದಿದ್ದ ಅಳು ಆಗ ಬಂತು, ಸ್ವಲ್ಪ.

ಮದುವೆ ಮೇ ತಿಂಗಳಲ್ಲಿ ಆಯಿತು. ಹೊಸ ಟಿವಿ ಹಿರೇಹಡಗಲಿಯ ಕೇಬಲ್ ಆಫೀಸಿನಲ್ಲಿದೆ.