ಅಮ್ಮನ ಅಳತೆ ಪುಸ್ತಕ

"ಈ ಅಂಕಿಗಳನ್ನ ನೀವು ಕೂತಲ್ಲೇ ಬರೆದಿದ್ದೀರಿ. ನಾನು ಸಹಿ ಹಾಕಲ್ಲ!"

ಸಂಖ್ಯಾಶಾಸ್ತ್ರ ವಿಭಾಗದ ಲ್ಯಾಬಿನಲ್ಲಿ ಎಲ್ಲರ ಕತ್ತು ಒಟ್ಟಿಗೇ ತಿರುಗಿತು. ಅವಳ ಮುಖ ಕೆಂಪೇರಿತು.

ಅವಳು ಹೊಲಿಗೆ ಅಂಗಡಿಯವಳ ಮಗಳು. ಪರೀಕ್ಷೆಗಳೆಲ್ಲ ಮುಗಿದು ಪದವಿಗೆ ಉಳಿದದ್ದು ಒಂದೇ ಪ್ರಾಜೆಕ್ಟ್. ಸ್ವಂತವಾಗಿ ಕಲೆಹಾಕಿದ ಅಂಕಿಗಳು, ಅವನ್ನು ಮೊದಲಿಂದ ಪರಿಶೀಲಿಸಿದ ಬೇರೊಬ್ಬರ ಸಹಿ... ಅದು ನಿಯಮ. ಶುಕ್ರವಾರದೊಳಗೆ ಆಗದಿದ್ದರೆ ಇನ್ನೊಂದು ವರ್ಷ!

ಆ 'ಬೇರೊಬ್ಬರು' ಈಗ ಕೂಗಿದ ಸಂಶೋಧನಾ ವಿದ್ಯಾರ್ಥಿ. ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದದ್ದು 'ದಶಮಾಂಶ' ಎಂದು. ಅವನು ತಲೆಯೆತ್ತಿದಾಗಲೆಲ್ಲ ತನ್ನ ಎದೆ ಯಾಕೆ ಎಣಿಕೆ ತಪ್ಪುತ್ತದೆಂದು ಅವಳು ಯಾರಿಗೂ ಹೇಳಿರಲಿಲ್ಲ.

"ನಾನೂರ ಹನ್ನೆರಡು ಜನರ ಭುಜದಳತೆ. ಎಲ್ಲಾ ಒಂದೋ ಪೂರ್ತಿ ಇಂಚು, ಇಲ್ಲಾ ಅರ್ಧ. ಕಾಲು, ಮುಕ್ಕಾಲು ಒಂದೂ ಇಲ್ಲ!"

"ಅದು ನಮ್ಮಮ್ಮನ ಅಳತೆ ಪುಸ್ತಕ, ಸರ್!"

"ಯಾರದ್ದಾದ್ರೇನು?"

'ಇವನ ಹತ್ರ ಗೋಗರೀಬೇಕಾ? ಸಾಧ್ಯವೇ ಇಲ್ಲ!'

"ನಡೀರಿ. ಅಳತೆ ತೆಗೆಯೋರನ್ನೇ ಕೇಳಿ," ಎಂದು ಅವಳು ಎದ್ದಳು.

ಅಂಗಡಿಯಲ್ಲಿ ಅಮ್ಮ ಬಾಯಲ್ಲಿದ್ದ ಪಿನ್ನು ತೆಗೆದು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಯಾರೇ ಇದು? ಅಂಗಿಗೆ ಬಂದಿದ್ದಾ, ಜಗಳಕ್ಕೆ ಬಂದಿದ್ದಾ?"

"ಜಗಳಕ್ಕೇ ಅಮ್ಮ. ನಿನ್ನ ಪುಸ್ತಕ ಸುಳ್ಳಂತೆ!"

"ಹೌದೇನಪ್ಪಾ? ನೆಟ್ಟಗೆ ನಿಂತ್ಕೋ." ಅಮ್ಮ ಅವನ ಭುಜಕ್ಕೆ ಟೇಪು ಹಿಡಿದರು. "ಎಷ್ಟಿದೆ, ನೀನೇ ಓದು."

"ಹದಿನೇಳೂಕಾಲು."

ಅಮ್ಮ ಬರೆದದ್ದು ಹದಿನೇಳೂವರೆ!

"ಅಮ್ಮಾ, ಕಾಲು ಇಂಚು ಹೆಚ್ಚು ಬರೆದ್ರಿ..." ಎಂದ ಅವನು.

"ಒಗೆದ ಮೇಲೆ ಬಟ್ಟೆ ಕುಗ್ಗಲ್ವಾ? ಅಳತೆ ಮಧ್ಯೆ ಬಿದ್ದರೆ ಮೇಲಿನ ಅರ್ಧಕ್ಕೆ ಹತ್ತಿಸೋದೇ. ಮೂವತ್ತು ವರ್ಷದಲ್ಲಿ ನನ್ನ ಅಂಗಿ ಬಿಗಿ ಅಂತ ಒಬ್ಬರೂ ವಾಪಸ್ ತಂದಿಲ್ಲ."

ಅವಳು ದಂಗಾದಳು. ಹುಟ್ಟಿದಾಗಿನಿಂದ ನೋಡಿದ ಪುಸ್ತಕ... ಇದೊಂದು ತನಗೇ ಗೊತ್ತಿರಲಿಲ್ಲವಲ್ಲ!

"ಸುಳ್ಳು ಅಂದದ್ದು ನನ್ನ ತಪ್ಪು. ಕ್ಷಮಿಸಿ," ಎಂದ ಅವನು, ಇಬ್ಬರಿಗೂ. "ಆದ್ರೆ ನಿಮ್ಮ ಸರಾಸರಿ..."

"ಹೆಚ್ಚು ಬಂದಿದೆ. ಗೊತ್ತಾಯ್ತು. ತಿದ್ದೋದು ನನಗೆ ಬರುತ್ತೆ!"

ಮೂರು ದಿನ ಅವಳು ಓಣಿಯ ಅರವತ್ತು ಜನರನ್ನು ಎಳೆತಂದು ಅಳೆದಳು. ಟೇಪು ಹೇಳಿದ್ದು ಒಂದು ಸಾಲು, ಅಮ್ಮ ಬರೆದದ್ದು ಇನ್ನೊಂದು ಸಾಲು. ಅಮ್ಮನ ಕೈ ಎಷ್ಟು ಹೆಚ್ಚಿಸುತ್ತದೆಂದು ಲೆಕ್ಕ ಹಾಕಿ, ನಾನೂರ ಹನ್ನೆರಡನ್ನೂ ಸರಿಪಡಿಸಿದಳು.

ಗುರುವಾರ ಅವನು ಕೊನೆಯ ಪುಟ ಮುಚ್ಚಿದ.

"ಒಂದು ತಪ್ಪೂ ಇಲ್ಲ. ಆದ್ರೂ... ನಾನು ಸಹಿ ಹಾಕಲ್ಲ."

"ಏನು?!"

"ನನಗೆ ನಿಮ್ಮ ಮೇಲೆ..." ಅವನು ಪೆನ್ನು ಕೆಳಗಿಟ್ಟ. "ಪಕ್ಷಪಾತ ಇದೆ. ಅದು ಕಾಣಬಾರದು ಅಂತಲೇ ಅವತ್ತು ಅಷ್ಟು ಗಟ್ಟಿಯಾಗಿ ಕೂಗಾಡಿದ್ದು. ನಾಳೆ ಯಾರೂ ನಿಮ್ಮ ಪದವಿ ಕಡೆ ಬೆರಳು ತೋರಿಸಬಾರದು. ವಿಭಾಗದ ಮುಖ್ಯಸ್ಥರ ಹತ್ರ ಕೊಡ್ತೀನಿ, ಅವರೇ ಮೊದಲಿಂದ ನೋಡಿ ಸಹಿ ಹಾಕಲಿ."

ಮುಖ್ಯಸ್ಥೆಯೆಂದರೆ ಇಡೀ ವಿಭಾಗವೇ ನಡುಗುತ್ತಿತ್ತು. ಉಳಿದದ್ದೋ ಒಂದೇ ದಿನ!

"ಕೊಡಿ," ಎಂದಳು ಅವಳು. ತಲೆ ಬಾಗಲಿಲ್ಲ.

ಶುಕ್ರವಾರ ಸಂಜೆ ಮುಖ್ಯಸ್ಥೆ ಕನ್ನಡಕ ತೆಗೆದಿಟ್ಟರು.

"ಈ ಅಳತೆ ಪುಸ್ತಕ ಯಾರದ್ದು?"

"ನಮ್ಮಮ್ಮಂದು, ಮೇಡಂ."

"ಅವರನ್ನ ಕೊನೇಲಿ, ಕೃತಜ್ಞತೆ ಪುಟಕ್ಕೆ ಯಾಕೆ ತಳ್ಳಿದ್ದೀಯಾ? ವಿಧಾನದ ಅಧ್ಯಾಯದಲ್ಲಿ, ಮೊದಲ ಸಾಲಿನಲ್ಲಿ ಹೆಸರು ಹಾಕು. ಅರ್ಧ ವಿಧಾನ ಅವರದ್ದೇ."

ಸಹಿ ಬಿತ್ತು.

ಅವಳು ಹೊರಬಂದಾಗ ಅವನು ಮೆಟ್ಟಿಲ ಮೇಲೆ ಕೂತಿದ್ದ. ಅವಳ ಮುಖ ನೋಡಿಯೇ ಎದ್ದು ನಿಂತ.

"ನಿನ್ನೆ ಪೂರ್ತಿ ಹೇಳಲಿಲ್ಲ. ಈಗ ಹೇಳಿ," ಎಂದಳು.

"ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ದೆ... ಎಲ್ಲಾ ಮರೆತುಹೋಯ್ತು."

"ಹಾಗಾದ್ರೆ ನಾನೇ ಹೇಳ್ತೀನಿ. ನೀವಂದ್ರೆ ನಂಗಿಷ್ಟ. ಮುಂಚೆಯಿಂದಲೂ. ನಿನ್ನೆ ಪೆನ್ನು ಕೆಳಗಿಟ್ರಲ್ಲ, ಆಮೇಲೆ ಇನ್ನೂ ಜಾಸ್ತಿ."

ಅವನ ಕಣ್ಣು ತುಂಬಿತು. "ಅಮ್ಮನಿಗೆ ಏನಂತ ಹೇಳ್ತೀರಿ?"

"ಮೊದಲು, ನಿನ್ನ ಮಗಳು ಪದವೀಧರೆ ಅಂತ. ಆಮೇಲೆ... ನಿಮ್ಮ ವಿಷಯ."

"ನಾನು ಎರಡನೇ ಸುದ್ದಿನಾ?"

"ಯಾಕೆ, ಬೇಡ್ವಾ?"

"ಬೇಕು! ನಿಮ್ಮ ಮನೆಯಲ್ಲಿ ಎರಡನೇ ಜಾಗ ಸಿಕ್ಕರೂ ನನಗೆ ಹೆಮ್ಮೆನೇ..."