ಇನ್ನೂ ತೀರ್ಮಾನ ಮಾಡಿಲ್ಲ

"ಒಂದೇ ಒಂದು ಪ್ರಶ್ನೆ. ಎರಡು ನಿಮಿಷ ಸಾಕು," ಎಂದಳು ಮಾರ್ಸಲಿ.

ಬಾಗಿಲು ತೆರೆದವನು ಎತ್ತರದ ಆಳು. ಒಂದು ಕಾಲಿಗೆ ಮಾತ್ರ ಬೂಟು ಹಾಕಿದ್ದ, ಕೈಯಲ್ಲಿ ಮೀನು ಮಗುಚುವ ಸಟ್ಟುಗ. ಅವಳನ್ನೇ ನೋಡುತ್ತ ನಿಂತುಬಿಟ್ಟ.

ಜೂನ್ ತಿಂಗಳ ಮುಗಿಯದ ಸಂಜೆ. ಬೀದಿಯ ಮೇಲ್ತುದಿಯಿಂದ ಒಂದೊಂದೇ ಬಾಗಿಲು ತಟ್ಟುತ್ತ ಬಂದಿದ್ದಳು ಅವಳು. ಒಬ್ಬರು ಮುಖದ ಮೇಲೆ ಬಾಗಿಲು ಹಾಕಿದ್ದರು. ಇನ್ನೊಬ್ಬರು ನಾಯಿಯನ್ನು ಮುಂದೆ ಕಳಿಸಿದ್ದರು. ಕಾಲು ನೋಯುತ್ತಿತ್ತು. ಆದರೂ ನಿಂತಲ್ಲಿ ನಿಲ್ಲಲಾಗದೆ ಹಿಮ್ಮಡಿ ಎತ್ತಿ ಇಳಿಸುತ್ತಲೇ ಇದ್ದಳು.

"ಸೆಪ್ಟೆಂಬರಲ್ಲಿ ವೋಟಿದೆಯಲ್ಲ... ಸ್ಕಾಟ್ಲೆಂಡ್ ಬ್ರಿಟನ್ನಿಂದ ಬೇರೆಯಾಗಿ ಸ್ವತಂತ್ರ ದೇಶ ಆಗ್ಬೇಕಾ, ಬೇಡ್ವಾ? ನಿಮ್ಮ ಮನಸ್ಸಲ್ಲಿ ಏನಿದೆ?"

"ಅದು..." ಎಂದ ಅವನು.

"ಹೇಳಿ, ಪರವಾಗಿಲ್ಲ."

"ಅದು ಏನಂದ್ರೆ..."

"ಒಳಗೆ ಏನೋ ಸೀಯ್ತಿದೆ."

"ಹೂಂ."

"ಹೂಂ ಅಂದ್ರೆ? ನಿಮ್ಮ ಅಡುಗೆಮನೇಲಿ ರೀ."

ಅವನು ಕದಲಲಿಲ್ಲ. ಮಾರ್ಸಲಿ ಶಾಲೆಯ ಅಡುಗೆಯವಳು. ಸೀದ ವಾಸನೆ ಮೂಗಿಗೆ ಬಡಿದ ಮೇಲೆ ಮರ್ಯಾದೆ ನೋಡುತ್ತ ನಿಲ್ಲುವುದು ಅವಳಿಂದಾಗದು. ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದಳು, ಒಲೆ ಆರಿಸಿದಳು, ಹೊಗೆಯಾಡುವ ಬಾಣಲೆಯನ್ನು ಹಿತ್ತಲ ಮೆಟ್ಟಿಲ ಮೇಲಿಟ್ಟು ಕಿಟಕಿ ತೆರೆದಳು.

ತಿರುಗಿದಾಗ ಅವನು ನಗುತ್ತಿದ್ದ. ಬಾಯಲ್ಲಲ್ಲ, ಕಣ್ಣಲ್ಲಿ.

"ಇನ್ನೂ ತೀರ್ಮಾನ ಮಾಡಿಲ್ಲ," ಎಂದ ಮೆಲ್ಲಗೆ.

ಮಾರ್ಸಲಿಗೆ ಆ ಸಂಜೆ ಸಿಕ್ಕ ಒಂದೇ ಒಳ್ಳೆಯ ಮಾತು ಅದು. 'ಹೌದು' ಅಂದವರ ಮನೆಗೆ ಮತ್ತೆ ಹೋಗುವುದಿಲ್ಲ, ಅವರು ಹೇಗೂ ನಮ್ಮವರು. 'ಬೇಡ' ಅಂದವರ ಮನೆಗೂ ಹೋಗುವುದಿಲ್ಲ, ಹೋದರೆ ಜಗಳ. ಮನೆಮನೆ ಸುತ್ತುವವರು ಮತ್ತೆ ಮತ್ತೆ ಹೋಗುವುದು ತೀರ್ಮಾನ ಮಾಡದವರ ಮನೆಗೆ ಮಾತ್ರ.

"ಹಾಗಿದ್ರೆ ಮುಂದಿನ ಮಂಗಳವಾರ ಬರ್ತೀನಿ," ಎಂದಳು.

"ಬನ್ನಿ," ಎಂದ ಅವನು. ಅಷ್ಟು ಬೇಗ ಅವನು ಯಾವ ಮಾತೂ ಆಡಿರಲಿಲ್ಲ.

ಅವನ ಹೆಸರು ಲಾಕ್ಲನ್. ದಡಕ್ಕೂ ಎದುರಿನ ಪುಟ್ಟ ದ್ವೀಪಕ್ಕೂ ನಡುವೆ ದೋಣಿ ನಡೆಸುತ್ತಿದ್ದ. ಅಂಚೆ, ಗ್ಯಾಸ್ ಸಿಲಿಂಡರು, ಕುರಿಮರಿ, ಮನುಷ್ಯರು, ಎಲ್ಲವನ್ನೂ ಅಷ್ಟೇ ಜೋಪಾನವಾಗಿ, ಅಷ್ಟೇ ಮೌನವಾಗಿ ದಾಟಿಸುವವನು. ಹಡಗುಕಟ್ಟೆಗಳ ಊರಾದ ಗ್ರೀನಕ್‌ನಿಂದ ಮಾರ್ಸಲಿ ಇಲ್ಲಿಗೆ ಬಂದು ಎರಡು ವರ್ಷವಾಗಿತ್ತಷ್ಟೆ. ಯಾರು ಯಾರ ಮೊಮ್ಮಗ, ಯಾರ ಮನಸ್ಸಲ್ಲಿ ಏನು ಎಂದು ಇಲ್ಲಿಯವರಿಗೆ ಹೇಳದೆಯೇ ಗೊತ್ತಿರುತ್ತಿತ್ತು. ಅವಳು ಎಲ್ಲವನ್ನೂ ಕೇಳಿಯೇ ತಿಳಿಯಬೇಕಿತ್ತು.

ಅವಳಪ್ಪ ಕೆಲಸ ಮಾಡುತ್ತಿದ್ದ ಹಡಗುಕಟ್ಟೆಯನ್ನು ಎಲ್ಲೋ ದೂರದಲ್ಲಿ ಕೂತವರು ಮುಚ್ಚಿದ್ದರು. ನಮ್ಮ ಬದುಕನ್ನು ನಾವೇ ನಿರ್ಧರಿಸುವ ಹಾಗಾದರೆ... ಆ ಆಸೆ ಅವಳನ್ನು ಕೂರಲು ಬಿಡುತ್ತಿರಲಿಲ್ಲ. ಶಾಲೆ ಮುಗಿದದ್ದೇ ಕೋಟು ಹಾಕಿ ಹೊರಟುಬಿಡುತ್ತಿದ್ದಳು.

ಮಂಗಳವಾರಗಳು ಬಂದವು. ಪಿಂಚಣಿಯ ಬಗ್ಗೆ ಹೇಳಿದಳು. ಪೌಂಡಿನ ಬಗ್ಗೆ, ಸಮುದ್ರದಡಿಯ ತೈಲದ ಬಗ್ಗೆ ಹೇಳಿದಳು. ಅವನು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದ. ಅವಳು ಬರುವ ಹೊತ್ತಿಗೆ ಚಹಾ ಸಿದ್ಧವಾಗಿರುತ್ತಿತ್ತು. ಎರಡನೆಯ ವಾರದಿಂದ ಬೆಂಕಿಯ ಹತ್ತಿರದ ಕುರ್ಚಿಯ ಮೇಲೆ ದಿಂಬೊಂದು ಬಂದಿತ್ತು. ದಿಂಬು ಯಾಕೆ ಬಂತೆಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

"ಈಗ ಏನನ್ಸುತ್ತೆ?" ಎನ್ನುತ್ತಿದ್ದಳು ಹೊರಡುವಾಗ.

"ಒಂದು ಅನುಮಾನ ಉಳೀತು."

"ಏನದು?"

"ದೀಪಸ್ತಂಭಗಳು. ಬೇರೆ ದೇಶ ಆದ್ಮೇಲೆ ಅವನ್ನ ಯಾರು ನೋಡ್ಕೋತಾರೆ?"

ಅವಳು ರಾಜಧಾನಿ ಎಡಿನ್‌ಬರಾಗೆ ಫೋನು ಮಾಡಿ, ಒಬ್ಬರಿಂದ ಇನ್ನೊಬ್ಬರಿಗೆ ದಾಟಿ, ಉತ್ತರ ತಂದಳು. ಮುಂದಿನ ವಾರ ಅವನಿಗೆ ಬಂಡೆಗಳ ಮೇಲೆ ಮಲಗುವ ಕಡಲ ನಾಯಿಗಳ, ಅಂದರೆ ಸೀಲ್‌ಗಳ, ಚಿಂತೆ ಹತ್ತಿತು.

"ಕಡಲ ನಾಯಿಗಳಿಗೆ ವೋಟಿಲ್ಲ, ಲಾಕ್ಲನ್."

"ಅದಕ್ಕೇ ಕೇಳ್ತಿರೋದು. ಅವುಗಳ ಪರವಾಗಿ ಇನ್ಯಾರು ಕೇಳ್ಬೇಕು?"

ನಕ್ಕುಬಿಡುತ್ತಿದ್ದಳು. ಮನೆಗೆ ನಡೆಯುವಾಗ ಮಾತ್ರ ಎದೆಯಲ್ಲಿ ಏನೋ ಕುಣಿಯುತ್ತಿತ್ತು... 'ಇನ್ನೊಂದು ವೋಟು, ಅದಕ್ಕೇ ಈ ಖುಷಿ' ಎಂದುಕೊಳ್ಳುತ್ತಿದ್ದಳು.

ಸೆಪ್ಟೆಂಬರಿನ ಮೊದಲ ಶನಿವಾರ ಮುಖ್ಯ ಬೀದಿಯಲ್ಲಿ 'ಹೌದು' ಬಣದವರ ಮೇಜು ಹಾಕಿದ್ದರು. ಮುಚ್ಚಿಹೋದ ಉಣ್ಣೆ ಅಂಗಡಿಯ ಮುಂದೆ ಬಾವುಟ, ಕರಪತ್ರ, ನೆಟ್ಟಿ ಮಾಡಿ ತರುತ್ತಿದ್ದ ಬೇಳೆ ಸೂಪು. ಆ ಬಣಕ್ಕೆಲ್ಲ ಹಿರಿಯ ಹೆಂಗಸು ನೆಟ್ಟಿ. ಸೌಟು ಅವರ ಕೈ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ.

"ಲಾಕ್ಲನ್ ಹೆಚ್ಚುಕಮ್ಮಿ ಒಪ್ಪಿದ ಹಾಗೇ," ಎಂದಳು ಮಾರ್ಸಲಿ ಹೆಮ್ಮೆಯಿಂದ. "ಇನ್ನೊಂದು ಮಂಗಳವಾರ ಸಾಕು."

ಮೇಜಿನ ಸುತ್ತ ಇದ್ದವರೆಲ್ಲ ತಲೆಯೆತ್ತಿದರು.

"ಯಾವ ಲಾಕ್ಲನ್?" ಎಂದ ಬಲೆ ಹೆಣೆಯುವ ಡೌಗಿ. "ದೋಣಿ ಲಾಕ್ಲನ್ನಾ?"

"ಹೌದು."

"ಅವನನ್ನ ನೀನು ಒಪ್ಪಿಸ್ತಿದೀಯಾ? ಅಯ್ಯೋ ಹುಡುಗಿ, ಅವನು ಚಡ್ಡಿ ಹಾಕೋ ಕಾಲಕ್ಕೇ ಶಾಲೆ ಸೂರಿನ ಮೇಲೆ ಹತ್ತಿ ನಮ್ಮ ಸ್ಕಾಟ್ಲೆಂಡ್ ಬಾವುಟ ಕಟ್ಟಿದೋನು. ಇಳಿಸೋಕೆ ಅಗ್ನಿಶಾಮಕದವರು ಬರ್ಬೇಕಾಯ್ತು."

ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ, ಊರಿನ ನಗೆ. ಎಲ್ಲರಿಗೂ ಗೊತ್ತಿತ್ತು. ಅವಳಿಗೆ ಮಾತ್ರ ಗೊತ್ತಿರಲಿಲ್ಲ.

ನೆಟ್ಟಿ ನಗಲಿಲ್ಲ. ಒಂದು ಬಟ್ಟಲು ಸೂಪು ತುಂಬಿ, ಮಾರ್ಸಲಿಯ ಭುಜ ಹಿಡಿದು, ಬೀದಿಗೆ ಬೆನ್ನಾಗುವ ಹಾಗೆ ಕೂರಿಸಿದರು. "ಬಿಸಿ ಇದೆ. ಕಣ್ಣಲ್ಲಿ ನೀರು ಬಂದ್ರೆ ಸೂಪಿಂದ ಅನ್ಕೋತಾರೆ," ಎಂದರು ಕಿವಿಯ ಹತ್ತಿರ.

ಅವಳು ಸೂಪು ಮುಟ್ಟಲಿಲ್ಲ. ನೆಟ್ಟಗೆ ದೋಣಿಕಟ್ಟೆಗೆ ಹೋದಳು.

ಲಾಕ್ಲನ್ ಹಗ್ಗ ಸುತ್ತುತ್ತಿದ್ದ. ಅವಳ ಮುಖ ನೋಡಿದೊಡನೆ ಅವನ ಕೈ ನಿಂತಿತು.

"ದೀಪಸ್ತಂಭ," ಎಂದಳು ಅವಳು. "ಕಡಲ ನಾಯಿ. ನನ್ನ ನೋಡಿ ಎಷ್ಟು ನಗು ಬಂದಿರ್ಬೇಕು ನಿಮ್ಗೆ."

"ನಗಲಿಲ್ಲ."

"ಮತ್ಯಾಕೆ?"

ಅವನು ಹಗ್ಗವನ್ನು ಕೆಳಗಿಟ್ಟ. "ಮೊದಲ್ನೇ ದಿನವೇ ಹೌದು ಅಂದಿದ್ರೆ ಒಂದು ಗುರುತು ಹಾಕ್ಕೊಂಡು ಮುಂದಿನ ಮನೆಗೆ ಹೋಗ್ತಿದ್ರಿ."

"ಹೋಗ್ತಿದ್ದೆ. ಹೋಗ್ಲೇಬೇಕಿತ್ತು." ಅವಳು ನೀರಿನಾಚೆ ಕೈ ತೋರಿದಳು. "ದ್ವೀಪದ ಒಂದು ಮನೇನೂ ಮುಟ್ಟಿಲ್ಲ ನಾನು. ಕೊಲ್ಲಿಯ ಆಚೆ ದಡಕ್ಕೆ ಹೋಗೇ ಇಲ್ಲ. ಆ ಹೊತ್ತೆಲ್ಲ ನಿಮ್ಮನೇಲಿ ಚಹಾ ಕುಡೀತಾ ಕೂತಿದ್ದೆ. ನಾವು ಸೋತ್ರೆ... ಆ ಸಂಜೆಗಳು ನಿಮಗೆ ಆಟ, ಲಾಕ್ಲನ್. ನನಗೆ ಅಷ್ಟೇ ಇದ್ದದ್ದು."

"ಮಾರ್ಸಲಿ..."

"ಬೇಡಿ."

ಅಲ್ಲಿಂದ ಮುಂದಿನ ದಿನಗಳು ಹೇಗೆ ಹೋದವೋ. ಓಡಿದಳು. ಮಳೆ, ಗಾಳಿ ನೋಡಲಿಲ್ಲ. ಎರಡು ಮನೆಗೆ ಆಗುವ ಹೊತ್ತಿನಲ್ಲಿ ಮೂರು ಮನೆ ಮಾಡಿದಳು. ರಾತ್ರಿ ಮಲಗಿದರೆ ಕಾಲು ತಾನಾಗಿ ನಡೆಯುತ್ತಿತ್ತು. ಅವನ ಬೀದಿಗೆ ಮಾತ್ರ ಹೋಗಲಿಲ್ಲ. ಮಂಗಳವಾರ ಸಂಜೆ ಎದೆ ಆ ಕಡೆಗೇ ಎಳೆಯುತ್ತಿತ್ತು. 'ನನಗೆ ಮೋಸ ಮಾಡಿದವನು' ಎಂದು ಗಟ್ಟಿಯಾಗಿ ಹೇಳಿಕೊಂಡು ಎದುರು ದಿಕ್ಕಿಗೆ ತಿರುಗುತ್ತಿದ್ದಳು.

ಮತದಾನದ ಗುರುವಾರ ಬಂತು. ಊರ ಸಭಾಂಗಣದ ಗೇಟಿನ ಒಂದು ಪಕ್ಕ ಮಾರ್ಸಲಿ, ಇನ್ನೊಂದು ಪಕ್ಕ 'ಬೇಡ' ಬಣದ ಹೇಮಿಶ್. ನಿವೃತ್ತ ಬ್ಯಾಂಕ್ ಮ್ಯಾನೇಜರು, ಹೊಳೆಯುವ ಬೂಟು. ಬೆಳಗಿನಿಂದ ಇಬ್ಬರೂ ಒಬ್ಬರ ಬಣವನ್ನೊಬ್ಬರು ಸೋಲಿಸಲು ನಿಂತಿದ್ದರು. ಒಂದೇ ಫ್ಲಾಸ್ಕಿನಿಂದ ಚಹಾ ಕುಡಿಯುತ್ತಿದ್ದರು.

"ಇನ್ನೊಂದು ಬಿಸ್ಕತ್ತು ತಗೊಳಮ್ಮ. ನೀನು ನಿಂತಲ್ಲೇ ಅಷ್ಟು ಅಲ್ಲಾಡಿದ್ರೆ ನನಗೆ ತಲೆ ಸುತ್ತುತ್ತೆ."

"ಕಾಲು ಕೇಳಲ್ಲ, ಹೇಮಿಶ್."

"ನನ್ನ ಹೆಂಡ್ತಿ ಮಾಡಿದ್ದು. ಅವಳು ನಿಮ್ಮ ಕಡೆ. ನನಗೆ ಬೈದುಕೊಂಡೇ ಡಬ್ಬಿ ತುಂಬಿಸಿದ್ಲು."

ಮಧ್ಯಾಹ್ನದ ಹೊತ್ತಿಗೆ ದ್ವೀಪದ ದೋಣಿ ಬಂತು. ಲಾಕ್ಲನ್ ಒಬ್ಬ ಮುದುಕಿಯನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿ ಇಳಿಸಿದ. ಮಿಸೆಸ್ ಗಿಲ್‌ಕ್ರೈಸ್ಟ್. ಅವರ ಕೋಟಿನ ಮೇಲೆ ತಟ್ಟೆಯಷ್ಟು ದೊಡ್ಡ 'ಬೇಡ' ಬಿಲ್ಲೆ. ಗೇಟಿನವರೆಗೆ ತೋಳು ಕೊಟ್ಟು ಕರೆತಂದು, ಮಾರ್ಸಲಿಯ ಕಡೆ ನೋಡದೆ, ಉಳಿದವರನ್ನು ಕರೆತರಲು ದೋಣಿಗೆ ಮರಳಿದ.

ಮುದುಕಿಗೆ ಏದುಸಿರು. ಮಾರ್ಸಲಿ ತನ್ನ ಮಡಚುವ ಕುರ್ಚಿಯನ್ನು ಬಿಡಿಸಿ ಕೊಟ್ಟಳು.

"ನೀನೇನಾ ಆ ಅಡುಗೆ ಹುಡುಗಿ?" ಎಂದರು ಅವರು, ಕೂತು ಸುಧಾರಿಸಿಕೊಂಡು.

"ಯಾವ ಹುಡುಗಿ?"

"ಈ ಹುಡುಗನಿಗೆ ಹುಚ್ಚು ಹಿಡಿಸಿದೋಳು. ಹತ್ತು ಹನ್ನೆರಡು ದಿನದಿಂದ ಒಂದು ಮನೆ ಬಿಡದ ಹಾಗೆ ಸುತ್ತಿದಾನೆ, ದ್ವೀಪ, ಆಚೆ ದಡ ಎಲ್ಲ. ನಿಮ್ಮ ಕರಪತ್ರ ಹಿಡ್ಕೊಂಡು."

"ಲಾಕ್ಲನ್ನಾ? ಅವರು ಮಾತೇ ಆಡಲ್ಲ."

"ಅದೇ ತಮಾಷೆ ಕಣೇ. ನಮ್ಮನೆ ಬಾಗಿಲಲ್ಲಿ ಬಂದು ನಿಂತ. ಬೆವರು ಸುರೀತಿದೆ. ಹವಾಮಾನ ಅಂದ. ಆಲೂಗಡ್ಡೆ ಹೇಗಿದೆ ಅಂದ. ಆಮೇಲೆ ನಿಮ್ಮ ಸೂರಿನ ಮಳೆನೀರಿನ ಕೊಳವೆ ಒಡೆದಿದೆ ಅಂದು ಹತ್ತಿ ರಿಪೇರಿ ಮಾಡ್ದ. ಹೊರಟೇಬಿಟ್ಟ. ನಾನೇ ಕೂಗಿ ಕೇಳ್ದೆ, ಲೋ, ವೋಟಿನ ವಿಷಯ ಕೇಳೋಕೆ ಬಂದೋನಲ್ವೇನೋ ಅಂತ."

ಹೇಮಿಶ್ ಗಟ್ಟಿಯಾಗಿ ನಕ್ಕರು. ಮಾರ್ಸಲಿಗೆ ನಗು ಬರಲಿಲ್ಲ.

"ಯಾಕೋ ಈ ಅವಸ್ಥೆ ಅಂದೆ. ಒಬ್ಬರ ಸಂಜೆಗಳನ್ನ ಕದ್ದಿದೀನಿ, ಅವರು ಹೋಗಬೇಕಿದ್ದ ಮನೆಗಳಿಗೆ ನಾನು ಹೋಗ್ಬೇಕು ಅಂದ." ಮುದುಕಿ ಕೋಲೂರಿ ಎದ್ದರು. "ನಾನು ಹುಟ್ಟಿದ್ದು ಬ್ರಿಟನ್ನಲ್ಲಿ, ಸಾಯೋದೂ ಅಲ್ಲೇ, ನನ್ನ ವೋಟು ನಿಂಗಿಲ್ಲ ಅಂದೆ. ಹಾಗಾದ್ರೆ ಗುರುವಾರ ಎಷ್ಟು ಹೊತ್ತಿಗೆ ದೋಣಿ ತರಲಿ ಅಂತ ಕೇಳ್ದ. ಈಗ ಬಿಡು ದಾರಿ, ಹೋಗಿ ನಿಮ್ಮನ್ನ ಸೋಲಿಸಿ ಬರ್ತೀನಿ."

ಮಾರ್ಸಲಿ ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು.

ಶುಕ್ರವಾರ ಬೆಳಿಗ್ಗೆ ರೇಡಿಯೋ ಹೇಳಿತು... 'ಬೇಡ' ಗೆದ್ದಿತ್ತು.

ಅಳಲು ಹೊತ್ತಿರಲಿಲ್ಲ. ಶಾಲೆಯ ಮಕ್ಕಳಿಗೆ ಹಸಿವಾಗುತ್ತದೆ. ಬಟಾಣಿ ಬೇಯಿಸಿದಳು, ತಟ್ಟೆ ತುಂಬಿಸಿದಳು, ಪಾತ್ರೆ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಮನೆಗೆ ಹೋಗಿ ಕೂರಲು ಮನಸ್ಸಿರಲಿಲ್ಲ. ಕತ್ತರಿ ತೆಗೆದುಕೊಂಡು ಸಮುದ್ರದ ರಸ್ತೆಗೆ ಹೊರಟಳು. ಕಂಬಗಳಿಗೆ ಕಟ್ಟಿದ ಪ್ರಚಾರದ ಹಲಗೆಗಳನ್ನು ಕಟ್ಟಿದವರೇ ಬಿಚ್ಚಬೇಕಲ್ಲ.

ಮೊದಲ ಕಂಬಕ್ಕೇ ಏಣಿ ಹಾಕಿತ್ತು. ಮೇಲೆ ಲಾಕ್ಲನ್. ಕೆಳಗೆ ಏಣಿ ಹಿಡಿದು ಹೇಮಿಶ್, ಇಂದೂ ಹೊಳೆಯುವ ಬೂಟಿನಲ್ಲಿ. ಅವಳನ್ನು ಕಂಡದ್ದೇ ಅವರಿಗೆ ಮನೆಯಲ್ಲೇನೋ ಕೆಲಸ ನೆನಪಾಯಿತು.

"ಒಂದ್ನಿಮಿಷ ಹಿಡ್ಕೊಳಮ್ಮ." ಎರಡು ಹೆಜ್ಜೆ ಹೋಗಿ ತಿರುಗಿದರು. "ಗೆದ್ದವರು ಇವತ್ತು ಜಾಸ್ತಿ ಮಾತಾಡ್ಬಾರ್ದು. ಆದ್ರೂ... ನಿನ್ನ ಹಾಗೆ ದುಡಿಯೋರು ನಮ್ಮ ಕಡೆ ಒಬ್ರಿದ್ರೂ ನಾನು ನೆಮ್ಮದಿಯಾಗಿ ಮನೇಲಿರ್ತಿದ್ದೆ."

ಅವರು ಹೋದರು. ಮಾರ್ಸಲಿ ಏಣಿ ಹಿಡಿದು ನಿಂತಳು. ಕೆಳಗಿರುವುದು ಯಾರೆಂದು ಮೇಲಿದ್ದವನಿಗೆ ತಿಳಿದಿತ್ತು. ಅವನು ತಿರುಗಲಿಲ್ಲ.

"ಎಷ್ಟು ಜನ ಒಪ್ಪಿದ್ರು?" ಎಂದಳು ಕೊನೆಗೆ.

"ಒಬ್ಬ. ಅದೂ ನಾನು ಹೋದ್ರೆ ಸಾಕು ಅಂತ ಹೌದು ಅಂದಿರ್ಬಹುದು."

ಅವಳಿಗೆ ನಗು ಬಂತು. ನಗು ಬಂದದ್ದೇ ತಡ, ಬೆಳಗಿನಿಂದ ತಡೆದದ್ದೆಲ್ಲ ಬಂತು. ಏಣಿಗೆ ಹಣೆಯಿಟ್ಟು ಅತ್ತಳು. ಅವನು ಇಳಿದು ಬಂದ. ಮುಟ್ಟಲಿಲ್ಲ. ಗಾಳಿ ಬರುವ ಕಡೆಗೆ ಬಂದು, ಅವಳಿಗೆ ಮರೆಯಾಗಿ ನಿಂತ.

"ಆ ಸಂಜೆಗಳು ನನ್ನ ಕೈಲಿದ್ದಿದ್ರೆ ನಾವು ಗೆಲ್ತಿದ್ವಾ?"

ಅವನು ಯೋಚಿಸಿದ. "ಗೆಲ್ತಿರ್ಲಿಲ್ಲ. ಆದ್ರೂ ಕದ್ದದ್ದು ಕದ್ದದ್ದೇ. ನಿಮಗೆ ಅದು ಏನು ಅಂತ ಕೇಳ್ದೇನೇ ತಗೊಂಡೆ. ತಪ್ಪಾಯ್ತು."

ಸಮಾಧಾನಕ್ಕೆ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅದಕ್ಕೇ ಅವಳಿಗೆ ತನ್ನ ಸತ್ಯವನ್ನೂ ಹೇಳುವ ಧೈರ್ಯ ಬಂತು.

"ಮಂಗಳವಾರ ನಿಮ್ಮನೆಗೆ ಯಾವಾಗ್ಲೂ ಕೊನೇಲಿ ಬರ್ತಿದ್ದೆ, ಗಮನಿಸಿದ್ರಾ?"

"ಹೂಂ."

"ವೋಟಿಗೇ ಆಗಿದ್ರೆ ಮೊದಲು ಬಂದು, ಮುಗಿಸಿ, ಮುಂದೆ ಹೋಗ್ತಿದ್ದೆ. ಕೊನೇಲಿ ಇಟ್ಕೊಂಡಿದ್ದು ಬೇಗ ಎದ್ದು ಹೋಗ್ಬೇಕಾಗ್ಬಾರ್ದು ಅಂತ." ಕಣ್ಣೊರೆಸಿಕೊಂಡಳು. "ಎಲ್ಲಾ ಕಳ್ಳತನ ನಿನ್ನ ತಲೆ ಮೇಲೇ ಹಾಕ್ಕೋಬೇಡ. ಅರ್ಧ ನಂದು."

ಅವನ ಮುಖದಲ್ಲಿ ಏನೇನೋ ಬಂದು ಹೋಯಿತು. ಮೆಲ್ಲಗೆ ಅವಳ ಕೈ ಹಿಡಿದ. ಉಪ್ಪಿನಿಂದ ಒರಟಾದ ಕೈ. ಮಾರ್ಸಲಿಯ ಕಾಲುಗಳು ತಿಂಗಳುಗಳ ನಂತರ ಮೊದಲ ಬಾರಿಗೆ ನಿಂತಲ್ಲಿ ನಿಂತಿದ್ದವು.

"ಈ ಮಂಗಳವಾರ ಬರ್ತೀಯಾ?" ಎಂದ.

"ಯಾಕೆ ಬರ್ಲಿ? ನಿನ್ನ ಒಪ್ಪಿಸೋಕೆ ಏನೂ ಉಳಿದಿಲ್ಲ."

"ಸುಮ್ನೆ ಬಾ."

"ಸುಮ್ನೆ ಕೂರೋದು ನಂಗೆ ಬರಲ್ಲ ಲಾಕ್ಲನ್."

"ನಂಗೆ ಮಾತಾಡೋದು ಬರಲ್ಲ," ಎಂದ ಅವನು. "ಹೇಗೋ ಆಗುತ್ತೆ."